ಪ್ಲೇಟಿನ ಮೇಲಿನ ಮೋಡ

ಗಾಜಿನ ಪ್ಲೇಟಿನ ಮೇಲೆ ಒಂದು ಕಪ್ಪು ಪಟ್ಟಿ, ಅದರ ನಡುವೆ ಕೂದಲೆಳೆಯಷ್ಟು ಬಿಳಿ ಗೆರೆ. ಆ ಗೆರೆಯನ್ನು ನಂಬಿ ಭಾಗೀರಥಿ ಅಕ್ಕ ಎರಡು ವರ್ಷ ಹಗಲಿರುಳು ಒದ್ದಾಡಿದ್ದಳು.

ನಾನು ಆಗ ನಮ್ಮೂರ ವೀಕ್ಷಣಾಲಯದ ಕತ್ತಲೆ ಕೋಣೆಯಲ್ಲಿ, ದೂರದರ್ಶಕದಿಂದ ತೆಗೆದ ಫೋಟೋಗಳ ಗಾಜಿನ ಪ್ಲೇಟು ತೊಳೆಯುತ್ತಿದ್ದೆ. ಸಂಶೋಧನೆಗೆಂದು ಬಂದಿದ್ದ ಅಕ್ಕ ಬಿಡುವಾದಾಗ ನನಗೂ ಬಿಡಿಸಿ ಹೇಳುತ್ತಿದ್ದಳು. ನಕ್ಷತ್ರದಂತೆ ಕಾಣುವ, ಬಲು ದೂರದ ಕ್ವೇಸಾರ್‌ನಿಂದ ಹೊರಟಾಗ ಬೆಳಕು ಕಣ್ಣಿಗೆ ಕಾಣದ ಅತಿನೇರಳೆಯಂತೆ. ಬರುವ ದಾರಿಯಲ್ಲಿ ಅದರ ಅಲೆ ಹಿಗ್ಗಿ ಹಿಗ್ಗಿ, ನಮ್ಮನ್ನು ಮುಟ್ಟುವ ಹೊತ್ತಿಗೆ ಕಾಣುವಂತಾಗುತ್ತದಂತೆ. ಅಲ್ಲಿನ ಕಾದ ಅನಿಲ ಹೊಳೆದ ಕಡೆ, ಫೋಟೋದ ನೆಗೆಟಿವ್‌ನಲ್ಲಿ ಆಗುವಂತೆ, ಪ್ಲೇಟಿನಲ್ಲಿ ಕಪ್ಪು ಪಟ್ಟಿ ಮೂಡುತ್ತದೆ. ಅನಿಲದ ಮೋಡವೊಂದು ಅಡ್ಡ ಬಂದರೆ ಪಟ್ಟಿಯೊಳಗೆ ಬಿಳಿ ಗೆರೆ. ಆ ಮಸುಕು ಕ್ವೇಸಾರ್‌ನ ಒಳ್ಳೆಯ ಪ್ಲೇಟು ಅದೊಂದೇ. ಅಕ್ಕನ ಪ್ರಬಂಧವೆಲ್ಲ ಆ ಮೋಡದ ಮೇಲೆ ನಿಂತಿತ್ತು.

ಮೌಖಿಕ ಪರೀಕ್ಷೆಯ ಬೆಳಿಗ್ಗೆ, ಒರೆಸಿ ತರಲೆಂದು ಪ್ಲೇಟನ್ನು ಕಿಟಕಿಯ ಬಿಸಿಲಿಗೆ ಓರೆಯಾಗಿ ಹಿಡಿದೆ. ಗೆರೆ ಮಿಂಚಿತು. ಮೋಡದ ಗೆರೆ ಮಿಂಚುವುದಿಲ್ಲ, ಗೀರು ಮಾತ್ರ ಮಿಂಚುತ್ತದೆ. ಕೆಳಗಿನಿಂದ ಬೆಳಕು ಬಿಟ್ಟು ಅಳೆಯುವ ಯಂತ್ರಕ್ಕೆ ಎರಡೂ ಒಂದೇ. ಅದನ್ನು ತೊಳೆದ ದಿನ ನೆನಪಾಯಿತು.

ಪರೀಕ್ಷಕರು ಬಂದು ಕೂತಾಗಿತ್ತು. ಬಾಯಿ ಬಿಟ್ಟರೆ ಅಕ್ಕನ ಪದವಿ ಹೋಗುತ್ತದೆ, ನನ್ನ ಕೆಲಸವೂ ಹೋಗುತ್ತದೆ. ಎರಡು ಸಲ ಪರೀಕ್ಷೆಯ ಕೋಣೆಯ ಬಾಗಿಲವರೆಗೆ ಹೋಗಿ ವಾಪಸು ಬಂದೆ. ಕೊನೆಗೆ ಅಕ್ಕನೇ ಹುಡುಕಿಕೊಂಡು ಬಂದಳು.

“ಏನೇ ಇದು, ಮುಖ ಹಿಂಗ್ಯಾಕಿದೆ? ಪ್ಲೇಟು ಒಡೆದ್ಯಾ?”

“ಅಕ್ಕಾ, ಅದು ಮೋಡ ಅಲ್ಲ, ಗೀರು. ತೊಳೆಯುವಾಗ ನನ್ನ ಬಳೆ ತಗುಲ್ತು. ಏನೂ ಆಗಿಲ್ಲ ಅಂದ್ಕೊಂಡು ಸುಮ್ಮನಾಗ್ಬಿಟ್ಟೆ.”

“ಬಳೆ ತೆಗೆದಿಟ್ಟು ಒಳಗೆ ಹೋಗು ಅಂತ ಎಷ್ಟು ಸಲ ಬಡ್ಕೊಂಡಿದ್ದೆ!”

“ಮದುವೆಯಾಗಿ ವಾರ ಆಗಿತ್ತಷ್ಟೆ. ಬರಿಗೈ ಮಾಡ್ಕೋಬೇಡ ಅಂತ ಅತ್ತೆ ಆಣೆ ಹಾಕಿದ್ರು.”

ಅಕ್ಕ ಪ್ಲೇಟನ್ನು ಬಿಸಿಲಿಗೆ ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದಳು. ಬಾಗಿಲಾಚೆ ಅವಳ ಮಾತು ಕೇಳುತ್ತಿತ್ತು.

“ನಾನು ಬರೆದಿರೋ ಮೋಡ ಇಲ್ಲ ಸರ್. ಪ್ಲೇಟಿನ ಗೀರನ್ನೇ ಮೋಡ ಅಂದ್ಕೊಂಡಿದ್ದೆ.”

“ತೊಳೆದಿದ್ದು ಯಾರಮ್ಮ?” ಎಂದು ಯಾರೋ ಗದರಿದರು.

“ಪ್ಲೇಟು ನಂದು ಸರ್. ಸರಿಯಾಗಿ ನೋಡ್ಬೇಕಾಗಿದ್ದು ನಾನು.”

ಪದವಿ ಸಿಗಲಿಲ್ಲ. ಹದಿನೈದು ದಿನ ಅಕ್ಕ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಅವಳಿಗೆ ಮುಖ ತೋರಿಸಲು ನನಗೂ ನಾಚಿಕೆ. ಹದಿನಾರನೆಯ ದಿನ ಕತ್ತಲೆ ಕೋಣೆಗೆ ಬಂದು, ಮುಚ್ಚಿದ ಪೆಟ್ಟಿಗೆಯೊಂದನ್ನು ನನ್ನೆದುರು ಹಿಡಿದಳು.

“ಅದೇ ಕ್ವೇಸಾರ್. ಹೊಸ ಪ್ಲೇಟು. ತೊಳಿ.”

ಗೀರು ಬಿದ್ದದ್ದು ನನ್ನ ಕೈಯಿಂದಲೇ ಎಂಬುದನ್ನು ಅವಳು ಮರೆತಿರಲಿಲ್ಲ. ಆದರೂ ಪೆಟ್ಟಿಗೆಯನ್ನು ಆ ಕೈಗೇ ಕೊಟ್ಟು, ಹೊರಗೆ ಹೋಗಿ ಬಾಗಿಲು ಎಳೆದುಕೊಂಡಳು.