ಎಡಗಡೆಯ ದನಿ

"ಎಡಕ್ಕೆ ರೀ, ಎಡಕ್ಕೆ!"

ಮೇಷ್ಟ್ರು ನೇರ ಹೋದರು. ಕೆಂಪು ಕಾರು ತಿರುವನ್ನು ಬಿಟ್ಟು, ಔಷಧಿ ಅಂಗಡಿಯನ್ನು ದಾಟಿ, ಗರ್ರೆಂದು ಮೇಲ್ಸೇತುವೆ ಏರಿಬಿಟ್ಟಿತು. ಆ ಸೇತುವೆ ಹತ್ತಿದರೆ ಊರಿನ ಇನ್ನೊಂದು ತುದಿಯಲ್ಲೇ ಇಳಿಯಬೇಕು. ಅವರ ಹೆಂಡತಿ ತೊಡೆಯ ಮೇಲಿದ್ದ ಹೂಕುಂಡವನ್ನು ಎರಡೂ ಕೈಯಿಂದ ತಬ್ಬಿಕೊಂಡು ಗಂಡನ ಕಡೆ ನೋಡಿದರು. ತನ್ನ ತಮ್ಮನ ಹೊಸ ಮನೆಗೆ ಕೊಡಲೆಂದು ಒಯ್ಯುತ್ತಿದ್ದ ಗಿಡ. ತಮ್ಮನ ಮನೆ ಈಗ ಹಿಂದೆ, ಕೆಳಗೆ, ಎಲ್ಲೋ ಉಳಿದಿತ್ತು.

"ಅಷ್ಟು ಕೂಗಿ ಹೇಳಿದ್ನಲ್ಲ!"

"ಏನಂದೆ?"

"ಏನಿಲ್ಲ ಬಿಡಿ."

ಇತ್ತೀಚೆಗೆ ಆ ಕಾರಿನಲ್ಲಿ ಮಾತು ಇಷ್ಟಕ್ಕೇ ಮುಗಿಯುತ್ತಿತ್ತು.

ಅವರು ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಕೆಲಸ ಬಿಟ್ಟ ಮೇಲೂ ದಾರಿಯಲ್ಲಿ ಕಂಡವರೆಲ್ಲ ಮೇಷ್ಟ್ರೇ ಎಂದೇ ಮಾತನಾಡಿಸುತ್ತಿದ್ದರು. ದುಡಿದಷ್ಟು ವರ್ಷವೂ ಅವರು ಕೂತದ್ದು ಎಡಗಡೆಯ ಸೀಟಿನಲ್ಲಿ. ಸ್ಟೀರಿಂಗು ಕಲಿಯುವವರ ಕೈಯಲ್ಲಿ, ಜೀವ ದೇವರ ಕೈಯಲ್ಲಿ. ಕಿಟಕಿಯ ಗಾಜು ಇಳಿಸಿ, ಮೊಣಕೈ ಹೊರಗಿಟ್ಟು, ಎಡದಿಂದ ನುಗ್ಗುವ ಬೈಕು, ವ್ಯಾನುಗಳ ಹಾರ್ನಿಗೆಲ್ಲ ಕಿವಿಗೊಟ್ಟು, ಊರಿನ ಅರ್ಧ ಜನಕ್ಕೆ ಕ್ಲಚ್ಚು ಬಿಡುವುದನ್ನು ಕಲಿಸಿದವರು. ನಿವೃತ್ತರಾದ ಮೇಲೆ ಒಬ್ಬ ಹಲ್ಲಿನ ಡಾಕ್ಟರಿಂದ ಈ ಸ್ಪೋರ್ಟ್ಸ್ ಕಾರು ಕೊಂಡರು. ಎರಡೇ ಬಾಗಿಲು, ಎರಡೇ ಸೀಟು, ನೆಲಕ್ಕೆ ಹೊಟ್ಟೆ ಹಚ್ಚಿಕೊಂಡು ಕೂತಂಥ ಗಾಡಿ.

"ಇಷ್ಟು ದಿನ ಬೇರೆಯವರು ಓಡಿಸೋದನ್ನ ಉಸಿರು ಬಿಗಿ ಹಿಡಿದು ನೋಡ್ದೆ. ಇನ್ನು ನಾನು ಓಡಿಸ್ತೀನಿ," ಎಂದಿದ್ದರು.

ಹೆಂಡತಿ ಬೇಡ ಎನ್ನಲಿಲ್ಲ. "ಕಾರು ಹತ್ತೋದು ಅಂತಾರೆ. ಇದಕ್ಕೆ ಬಾವಿಗೆ ಇಳಿದ ಹಾಗೆ ಇಳೀಬೇಕು," ಎಂದು ನಕ್ಕು, ಒಂದು ಕೈ ಬಾಗಿಲಿಗೆ, ಒಂದು ಕೈ ಮಂಡಿಗೆ ಕೊಟ್ಟು ಇಳಿದು ಕೂತಿದ್ದರು. ಅವರು ನೀರು ಸರಬರಾಜು ಕಚೇರಿಯಲ್ಲಿ ನಕ್ಷೆ ಬರೆಯುತ್ತಿದ್ದವರು. ಊರಿನ ಯಾವ ಗಲ್ಲಿ ಯಾವುದಕ್ಕೆ ಕೂಡುತ್ತದೆ, ಯಾವ ರಸ್ತೆಯ ಕೆಳಗೆ ಎಷ್ಟು ದಪ್ಪದ ಕೊಳವೆ ಹೋಗಿದೆ ಎಂಬುದೆಲ್ಲ ಅವರಿಗೆ ಬಾಯಿಪಾಠ. ಮದುವೆಯಾದ ಹೊಸತರಲ್ಲಿ ಮೇಷ್ಟ್ರಿಗೆ, ಕಲಿಯುವವರನ್ನು ಕರೆದೊಯ್ಯಲು ಬಸ್ಸಿಲ್ಲದ, ಇಳಿಜಾರಿಲ್ಲದ ಬೀದಿಗಳನ್ನು ಹುಡುಕಿ ಕೊಟ್ಟವರೇ ಅವರು. ಮೇಷ್ಟ್ರಿಗೆ ಗಾಡಿ ಗೊತ್ತು, ದಾರಿ ಗೊತ್ತಿಲ್ಲ. ಮನೆಯಲ್ಲಿ ಅದೊಂದು ಹಳೆಯ ತಮಾಷೆ.

ಆದ್ದರಿಂದ, ತಮ್ಮನ ಮನೆಯಿಂದ ಬಂದ ಮರುದಿನ ಮೇಷ್ಟ್ರು, "ಈ ಕಾರಿಗೆ ನ್ಯಾವಿಗೇಶನ್ ಹಾಕಿಸೋಣ," ಎಂದಾಗ ಆಕೆ ತರಕಾರಿ ಹೆಚ್ಚುತ್ತಿದ್ದ ಕೈ ನಿಲ್ಲಿಸಿದರು.

"ಯಾಕೆ? ನಾನಿಲ್ವಾ?"

"ನೀನಿದೀಯ. ಆದ್ರೂ ಇರ್ಲಿ ಅಂತ."

"ಫೋನಲ್ಲೇ ಬರುತ್ತಲ್ಲ."

"ಆ ಫೋನು ತಿರುವಲ್ಲಿ ಸ್ಟ್ಯಾಂಡಿಂದ ಕಳಚಿ ಕಾಲ ಕೆಳಗೆ ಬೀಳತ್ತೆ. ಅದರ ದನಿಯೂ ಸೊಳ್ಳೆ ಕೂಗಿದ ಹಾಗೆ. ನೋಡು, ಡ್ಯಾಶ್‌ಬೋರ್ಡಲ್ಲಿ ಅದಕ್ಕೆ ಅಂತಲೇ ಗೂಡು ಬಿಟ್ಟಿದಾರೆ. ಡಾಕ್ಟ್ರು ಹಾಕಿಸಿರಲಿಲ್ಲ, ಅಷ್ಟೆ."

ಆಕೆ ಮತ್ತೆ ಹೆಚ್ಚತೊಡಗಿದರು. ಈರುಳ್ಳಿಯ ಚೂರುಗಳು ಮಾತ್ರ ಅವತ್ತು ಒಂದಕ್ಕೊಂದು ಸಮವಿರಲಿಲ್ಲ. ತನ್ನ ಬಾಯಿ ಮುಚ್ಚಿಸಲು ಒಂದು ಪರದೆ ತರುತ್ತಿದ್ದಾರೆ ಎಂದೇ ಅವರಿಗೆ ಅನಿಸಿತು. ಹಾಗಂತ ಹೊರಟಾಗ ಜೊತೆಗೆ ಹೋಗದೆಯೂ ಇರಲಿಲ್ಲ. ಯಾವ ಸಾಮಾನೇ ಕೊಳ್ಳಲಿ, ಮೇಷ್ಟ್ರು ಅಂಗಡಿಯವರ ಮೊದಲ ಮಾತಿಗೇ ತಲೆಯಾಡಿಸಿಬಿಡುವ ಮನುಷ್ಯ.

ಮೊದಲು ಕಾರಿನ ಕಂಪನಿಯ ಶೋರೂಮಿಗೆ ಹೋದರು. ಕನ್ನಡಿಯಂಥ ನೆಲ, ಕಾಗದದ ಲೋಟದಲ್ಲಿ ಕಾಫಿ. ಟೈ ಕಟ್ಟಿದ ಮಾರಾಟಗಾರ ತಮ್ಮಲ್ಲಿದ್ದ ಅಂಥದೇ ಕಾರಿನಲ್ಲಿ ಇಬ್ಬರನ್ನೂ ಕೂರಿಸಿ ತೋರಿಸಿದ. ಕಂಪನಿಯ ಪರದೆ ಚಿಕ್ಕದು, ಆದರೆ ಗೂಡಿನಲ್ಲಿ ಹುಟ್ಟಿನಿಂದಲೇ ಇದ್ದಂತೆ ಕೂತಿತ್ತು. ತಿರುವು ಬಂದಾಗ ಸ್ಟೀರಿಂಗಿನ ಹಿಂದೆ, ಎರಡು ಗಡಿಯಾರಗಳಂಥ ಮೀಟರುಗಳ ನಡುವೆ, ಒಂದು ಬಿಳಿ ಬಾಣ ಏಳುತ್ತಿತ್ತು. ಇದಕ್ಕಾಗಿ ಡ್ಯಾಶ್‌ಬೋರ್ಡಿನ ಒಂದು ಚೂರನ್ನೂ ಕೊಯ್ಯಬೇಕಿಲ್ಲ. ಆದರೆ ಹೊಸ ರಸ್ತೆಗಳನ್ನು ತುಂಬಿಸಿಕೊಳ್ಳಲು ಪ್ರತಿ ಸಲವೂ ಶೋರೂಮಿಗೇ ಬರಬೇಕು.

"ಇದರ ದನಿ ಎಷ್ಟು ಜೋರು ಮಾಡಬಹುದು?" ಎಂದು ಮೇಷ್ಟ್ರು ಕೇಳಿದರು.

"ಹಿತವಾಗಿರುತ್ತೆ ಸರ್. ಕಿವಿಗೆ ಹಿಂಸೆ ಆಗಲ್ಲ."

ಮೇಷ್ಟ್ರು ಸಪ್ಪಗಾದರು. ಹೆಂಡತಿ ಅದನ್ನು ಗಮನಿಸಿದರು.

ಎರಡನೆಯದು ಹಳೆಯ ಬಸ್ ಡಿಪೋ ಪಕ್ಕದ ಅಂಗಡಿ. ಅದರ ಮಾಲೀಕನಿಗೆ ಆ ಬೀದಿಯಲ್ಲಿ ಸ್ಪೀಕರ್ ಅಂತಲೇ ಹೆಸರು. ಸ್ಪೀಕರುಗಳನ್ನು ಮಾರುವುದರಿಂದಲೋ, ಪಿಸುಮಾತಾಡಿದರೂ ಮೂರನೇ ಅಂಗಡಿಗೆ ಕೇಳಿಸುವುದರಿಂದಲೋ, ಯಾರಿಗೂ ಖಚಿತವಿಲ್ಲ. ಆತ ತೋರಿಸಿದ ಪರದೆ ತಟ್ಟೆಯಷ್ಟು ದೊಡ್ಡದು. ಸಿನಿಮಾ ನೋಡಬಹುದು, ಫೋನು ಜೋಡಿಸಬಹುದು, ಬೇಕಾದ ದನಿ ಹಾಕಿಕೊಳ್ಳಬಹುದು. ಡ್ಯಾಶ್‌ಬೋರ್ಡಿನ ಗೂಡನ್ನು ಎರಡೂ ಬದಿ ಒಂದಿಷ್ಟು ಕೊಯ್ಯಬೇಕು, ಅಷ್ಟೆ.

"ಜೋರು?" ಎಂದರು ಮೇಷ್ಟ್ರು.

"ಜೋರಾ? ಸತ್ತೋನು ಎದ್ದು ಎಡಕ್ಕೆ ತಿರುಗ್ಬೇಕು, ಹಾಗಿರುತ್ತೆ ಸಾರ್!"

ಮೇಷ್ಟ್ರ ಮುಖ ಅರಳಿತು. ಹೆಂಡತಿ ಕಾರಿನೊಳಕ್ಕೆ ಬಗ್ಗಿ ಗೂಡಿನ ಅಂಚನ್ನು ಬೆರಳಿಂದ ಸವರುತ್ತ, "ಇಷ್ಟು ಚೆನ್ನಾಗಿರೋದನ್ನ ಕೊಯ್ಯೋದಾ?" ಎಂದರು. ಸ್ಪೀಕರ್ ಆಗಲೇ ಒಂದು ಪರೀಕ್ಷೆಯ ಸೆಟ್ಟು ತಂದು ತಂತಿಗಳನ್ನು ಕಾರಿನ ಸ್ಪೀಕರುಗಳಿಗೆ ಜೋಡಿಸತೊಡಗಿದ್ದ. ಮೇಷ್ಟ್ರು ಚಾಲಕನ ಸೀಟಿನಲ್ಲಿ ಕೂತರು, ಹೆಂಡತಿ ಎಡಕ್ಕೆ.

"ಸಾರ್, ಒಂದೊಂದೇ ಬಾಗಿಲಲ್ಲಿ ದನಿ ಬಿಡ್ತೀನಿ. ಯಾವ ಕಡೆಯಿಂದ ಬಂತು ಅಂತ ಹೇಳ್ತಾ ಹೋಗಿ. ಮುಂದೆ ನೋಡ್ಕೊಂಡೇ ಹೇಳಿ, ಓಡಿಸೋವಾಗಿನ ಹಾಗೆ."

ಬಲಬಾಗಿಲಿನಿಂದ ಒಬ್ಬ ಹೆಂಗಸಿನ ದನಿ ಬಂತು: ಮುಂದೆ ತಿರುಗಿ.

"ಬಲ," ಎಂದರು ಮೇಷ್ಟ್ರು.

ಮುಂದೆ ತಿರುಗಿ. ಈ ಸಲ ಅದು ಹೆಂಡತಿಯ ಮಂಡಿಯ ಪಕ್ಕದಿಂದಲೇ ಬಂತು. ಬಾಗಿಲು ನಡುಗಿದ್ದು ಅವರ ಕಾಲಿಗೆ ಗೊತ್ತಾಯಿತು.

"ಬಲ."

"ಇನ್ನೊಂದ್ಸಲ ಕೇಳಿ ಸಾರ್."

ಮತ್ತೆ ಅದೇ ಮಂಡಿಯ ಪಕ್ಕ, ಇನ್ನೂ ಜೋರಾಗಿ.

"ಬಲವೇ ಅಲ್ವೇನ್ರೀ?" ಎಂದು ಮೇಷ್ಟ್ರು ನಕ್ಕರು. ಪಾಠ ಒಪ್ಪಿಸಿದ ಮಗುವಿನಂತೆ ಮುಂದಿನ ಗಾಜನ್ನೇ ನೋಡುತ್ತಿದ್ದರು.

ಸ್ಪೀಕರ್ ತಲೆ ಕೆರೆದುಕೊಂಡು ತಂತಿಗಳ ಕಡೆ ಬಗ್ಗಿದ. ಹೆಂಡತಿ ಗಂಡನ ಕೆನ್ನೆಯನ್ನು, ನರೆತ ಕೆನ್ನೆಗೂದಲನ್ನು, ಅದರ ಪಕ್ಕದ ಕಿವಿಯನ್ನು ಮೊದಲ ಸಲ ನೋಡುವವರಂತೆ ನೋಡಿದರು. ತಪ್ಪಿದ ತಿರುವುಗಳು, 'ಏನಂದೆ?'ಗಳು, ತಾನು ಮುನಿಸಿಕೊಂಡು ಕಿಟಕಿಯಾಚೆ ನೋಡುತ್ತ ಕೂತ ದಾರಿಗಳು ಎಲ್ಲ ಒಟ್ಟಿಗೆ ನೆನಪಿಗೆ ಬಂದವು.

"ತಂತಿ ಅದಲು ಬದಲಾಗಿರ್ಬೇಕು ಕಣಪ್ಪ," ಎಂದರು ಸ್ಪೀಕರನಿಗೆ. "ಇವತ್ತು ಬೇಡ. ಯೋಚನೆ ಮಾಡಿ ಬರ್ತೀವಿ."

ಹೊರಗೆ ಬಂದು, ಡಿಪೋದ ಗೋಡೆಯ ನೆರಳಲ್ಲಿ ಕಾರು ನಿಲ್ಲಿಸಿ, ಇಬ್ಬರೂ ಚಹಾ ಕುಡಿಯಲು ನಿಂತರು. ಬಸ್ಸುಗಳು ಗುರುಗುಡುತ್ತ ಹೊರಡುತ್ತಿದ್ದವು. ಆಕೆ ಬೇಕೆಂದೇ ಗಂಡನ ಎಡಕ್ಕೆ ನಿಂತು, ಸಾಧಾರಣ ದನಿಯಲ್ಲಿ, "ರೀ, ನಿಮ್ಮ ಕಾರನ್ನ ನನ್ನ ತಮ್ಮನಿಗೆ ಕೊಟ್ಬಿಟ್ಟೆ," ಎಂದರು.

"ಹೂಂ," ಎಂದರು ಮೇಷ್ಟ್ರು, ಲೋಟ ಊದುತ್ತ. "ನಂಗೂ ಹಾಗೇ ಅನಿಸ್ತು."

ಆಕೆಗೆ ನಗು ಉಕ್ಕಿ ಬಂತು. ನಗುತ್ತಲೇ ಕಣ್ಣು ತುಂಬಿತು. ಲೋಟ ಹಿಡಿದುಕೊಂಡು ಗಂಡನ ಮುಂದಿನಿಂದ ಹಾದು ಬಲಗಡೆಗೆ ಹೋಗಿ ನಿಂತರು.

"ಎಡಗಿವಿ ಯಾವಾಗಿಂದ ಕೇಳಿಸ್ತಿಲ್ಲ?"

ಮೇಷ್ಟ್ರು ಚಹಾ ಕುಡಿಯುವುದನ್ನು ನಿಲ್ಲಿಸಿದರು.

"ಕಾರು ತರೋಕೆ ಮುಂಚೇನೇ. ಮನೇಲಿ ನೀನು ಎದುರಿಗಿರ್ತೀಯ, ತುಟಿ ನೋಡಿ ನಡೀತಿತ್ತು. ಕಾರಲ್ಲಿ ಎಂಜಿನ್ ಸದ್ದು ಬೇರೆ. ನೀನು ಏನೋ ಹೇಳ್ತಿದೀಯ ಅಂತ ಗೊತ್ತಾಗತ್ತೆ, ಏನು ಅಂತ ಗೊತ್ತಾಗಲ್ಲ."

"ಬಾಯಿ ಬಿಟ್ಟು ಹೇಳೋಕೆ ಏನಾಗಿತ್ತು? ನಾನೇನು ಹೊರಗಿನೋಳಾ?"

ಮೇಷ್ಟ್ರು ಲೋಟದ ತಳ ನೋಡಿದರು. "ನಮ್ಮಪ್ಪನಿಗೆ ಕಿವಿ ಹೋದಾಗ ನೀನಿನ್ನೂ ಆ ಮನೆಗೆ ಬಂದಿರಲಿಲ್ಲ. ಅಮ್ಮ ಮೊದಮೊದಲು ಕೂಗಿ ಕೂಗಿ ಹೇಳ್ತಿದ್ಲು. ಆಮೇಲೆ ಸಾಕಾಯ್ತು. ಅವನು 'ಏನು?' ಅಂದ್ರೆ, 'ಏನಿಲ್ಲ ಬಿಡಿ' ಅನ್ನೋಳು. ನಾವೂ ಅಷ್ಟೆ. ಊಟಕ್ಕೆ ಭುಜ ತಟ್ಟಿ ಕರೀತಿದ್ವಿ. ಮನೆ ತುಂಬ ಜನ, ಅವನಿಗೆ ಒಂದು ಮಾತಿಲ್ಲ. ಹಾಗೇ ಹೋಗ್ಬಿಟ್ಟ." ಲೋಟ ಕೆಳಗಿಟ್ಟು ಹೇಳಿದರು: "ನೀನೂ 'ಏನಿಲ್ಲ ಬಿಡಿ' ಅನ್ನೋಕೆ ಶುರು ಮಾಡಿದ್ದೆ. ದಾರಿ ಹೇಳೋ ಕೆಲಸ ಆ ಯಂತ್ರ ಮಾಡಿದ್ರೆ ತಿರುವು ತಪ್ಪಲ್ಲ, ನಿಂಗೆ ಸಿಟ್ಟು ಬರಲ್ಲ, ಬೇರೆ ಏನಾದ್ರೂ ಮಾತಾಡ್ಕೊಂಡಿರ್ತೀಯ ಅಂತ ಅಂದ್ಕೊಂಡೆ. ಅರ್ಧ ಕೇಳಿಸಿದ್ರೂ ಸಾಕು."

ಆಕೆ ಸೆರಗಿನ ತುದಿಯಿಂದ ಗಂಡನ ಅಂಗಿಯ ಮೇಲೆ ಬಿದ್ದಿದ್ದ ಚಹಾದ ಹನಿಯನ್ನು ಒರೆಸಿದರು.

"ದಡ್ಡ ಮೇಷ್ಟ್ರು," ಎಂದರು ಮೆಲ್ಲಗೆ.

"ಏನಂದೆ?"

"ದಡ್ಡ ಮೇಷ್ಟ್ರು ಅಂದೆ!"

ಚಹಾದವನೂ, ಬಸ್ಸಿಗೆ ಕಾಯುತ್ತಿದ್ದ ನಾಲ್ಕು ಜನವೂ ತಿರುಗಿ ನೋಡಿದರು.

ಆ ವಾರವೇ ಕಿವಿಯ ಡಾಕ್ಟರ ಬಳಿ ಹೋದರು. ಏನು ಕೆಲಸ ಮಾಡುತ್ತಿದ್ದಿರಿ, ಯಾವ ಕಡೆ ಕೂರುತ್ತಿದ್ದಿರಿ ಎಂದು ಡಾಕ್ಟರು ಕೇಳಿದರು. ಮೇಷ್ಟ್ರು ಕುರ್ಚಿಯಲ್ಲೇ ಎಡಗಡೆಯ ಸೀಟಿನಲ್ಲಿ ಕೂತಂತೆ ಮೊಣಕೈ ಹೊರಗಿಟ್ಟು ತೋರಿಸಿದರು. ಪಕ್ಕದಲ್ಲಿದ್ದ ಹೆಂಡತಿಗೆ ಅದು ನಕ್ಷೆಯಷ್ಟೇ ಸ್ಪಷ್ಟವಾಗಿ ಕಂಡಿತು: ಇಷ್ಟು ವರ್ಷ ಬೀದಿಯ ಕಡೆ ತೆರೆದಿದ್ದ ಕಿವಿಯೇ ಈಗ, ಸೀಟು ಬದಲಾದ ಮೇಲೆ, ತನ್ನ ಕಡೆ ತಿರುಗಿರುವುದು. ಊರಿನ ಹಾರ್ನುಗಳೆಲ್ಲ ತಾವು ಬಳಸಿ ಮುಗಿಸಿದ ಕಿವಿಯನ್ನು ತನಗೆ ಬಿಟ್ಟುಕೊಟ್ಟಿದ್ದವು.

ಕಿವಿಯಂತ್ರ ಬಂತು. ಹುರುಳಿ ಕಾಳಿಗಿಂತ ತುಸು ದೊಡ್ಡದು. ಮನೆಯಲ್ಲಿ ಅದು ಚೆನ್ನಾಗಿಯೇ ಕೆಲಸ ಮಾಡಿತು. ಪಾತ್ರೆಯ ಸದ್ದು ಇಷ್ಟು ಜೋರೇ ಎಂದು ಮೇಷ್ಟ್ರು ಬೆಚ್ಚಿ ಬೀಳುತ್ತಿದ್ದರು. ಕಾರಿನಲ್ಲಿ ವೇಗ ಹೆಚ್ಚಿಸಿದರೆ ಮಾತ್ರ ಎಂಜಿನ್ನಿನ ಗದ್ದಲವೇ ಮೊದಲು ಕಿವಿಗೆ ನುಗ್ಗುತ್ತಿತ್ತು.

ನ್ಯಾವಿಗೇಶನ್ನಿನ ತೀರ್ಮಾನವನ್ನು ಈ ಸಲ ಆಕೆಯೇ ಮಾಡಿದರು.

"ಕಂಪನಿದೇ ತಗೊಳ್ಳೋಣ. ದೊಡ್ಡದು ನೋಡೋಕೆ ಚೆನ್ನ. ಆದ್ರೆ ಅದು ಗಂಟಲಿಂದ ದಾರಿ ಹೇಳತ್ತೆ, ಇದು ಕಣ್ಣಿಗೆ ಹೇಳತ್ತೆ. ಬಾಣ ನಿಮ್ಮ ಮೂಗಿನ ಮುಂದೇನೇ ಏಳತ್ತೆ. ಜೊತೆಗೆ ಏನನ್ನೂ ಕೊಯ್ಯೋದು ಬೇಡ."

"ಹೊಸ ರಸ್ತೆ ತುಂಬಿಸೋಕೆ ಪ್ರತಿ ಸಲ ಶೋರೂಮಿಗೆ ಹೋಗ್ಬೇಕಲ್ಲ?"

"ಹೋಗೋಣ. ಕಾಫಿ ಕೊಡ್ತಾರೆ."

ಶೋರೂಮಿನ ಮೆಕ್ಯಾನಿಕ್ ಒಂದು ಬೆಳಗಿನಲ್ಲಿ ಅದನ್ನು ಕೂರಿಸಿದ. ಕೊನೆಯಲ್ಲಿ ಕೈ ಒರೆಸಿಕೊಳ್ಳುತ್ತ, "ದನಿ ಯಾವುದಿರ್ಲಿ ಸರ್? ಗಂಡಸಿಂದೋ, ಹೆಂಗಸಿಂದೋ?" ಎಂದು ಕೇಳಿದ.

"ದನಿ ಬೇಡ, ಬಂದ್ ಮಾಡಿ," ಎಂದರು ಮೇಷ್ಟ್ರು. "ಆ ಕೆಲಸಕ್ಕೆ ನಮ್ಮಲ್ಲಿ ಜನ ಇದಾರೆ."

ಹೆಂಡತಿ ಗೋಡೆಯ ಮೇಲಿನ ಟೈರಿನ ಜಾಹೀರಾತನ್ನು ಬಹಳ ಆಸಕ್ತಿಯಿಂದ ಓದತೊಡಗಿದರು.

ಅಲ್ಲಿಂದಲೇ ಊರ ಹೊರಗಿನ ಕೆರೆಯ ಕಡೆ ಹೊರಟರು. ಆಕೆ ಸೀಟಿನಲ್ಲಿ ಅರ್ಧ ಬಲಕ್ಕೆ ತಿರುಗಿ ಕೂತು, ಹಿಂದೊಮ್ಮೆ ತಪ್ಪು ನಕ್ಷೆ ಹಿಡಿದುಕೊಂಡು ಕಚೇರಿಯ ದೊಡ್ಡ ಸಾಹೇಬರು ತಮ್ಮದೇ ಮನೆಯಂಗಳವನ್ನು ಅಗೆಸಿದ ಕಥೆಯನ್ನು ಶುರು ಮಾಡಿದರು. ಇಷ್ಟು ವರ್ಷದಲ್ಲಿ ಅದನ್ನು ಅವರು ಹೇಳಿಯೇ ಇರಲಿಲ್ಲ. ಮೇಷ್ಟ್ರು ಎಂಜಿನ್ನು ಸದ್ದು ಮಾಡದಷ್ಟು ನಿಧಾನಕ್ಕೆ, ರಸ್ತೆಯ ಅಂಚಿಗೆ, ಓಡಿಸುತ್ತಿದ್ದರು. ಒಂದು ಹಾಲಿನ ವ್ಯಾನು ಅವರನ್ನು ದಾಟಿತು. ಆಮೇಲೆ ಒಂದು ಸ್ಕೂಟರು. ಸ್ಕೂಟರಿನ ಹಿಂದೆ ಕೂತಿದ್ದ ಮುದುಕಿ, ನೆಲಕ್ಕೆ ಅಂಟಿದಂತಿದ್ದ ಆ ಕೆಂಪು ಕಾರಿನೊಳಕ್ಕೆ ಬಗ್ಗಿ ನೋಡಿ, ಕೆಟ್ಟು ನಿಂತಿಲ್ಲ ತಾನೆ ಎಂಬಂತೆ ಮತ್ತೊಮ್ಮೆ ತಿರುಗಿ ನೋಡಿದಳು.

ಮೀಟರುಗಳ ನಡುವೆ ಬಿಳಿ ಬಾಣ ಎದ್ದು ಎಡಕ್ಕೆ ಬಾಗಿತು; ಅಲ್ಲಿ ತಿರುಗಿದರೆ ಕೆರೆ ಬಂದೇಬಿಡುತ್ತಿತ್ತು. ಮೇಷ್ಟ್ರು ನೋಡಿದರು. ಕಥೆಯಲ್ಲಿ ಸಾಹೇಬರು ಆಗಷ್ಟೇ ಹಾರೆ ತರಿಸಿದ್ದರು, ಅವರ ಹೆಂಡತಿ ಬಾಗಿಲಿಗೆ ಬಂದಿದ್ದರು. ಮೇಷ್ಟ್ರು ತಿರುವನ್ನು ಬಿಟ್ಟು ನೇರ ಹೋದರು.

"ಆಮೇಲೆ?" ಎಂದರು.

ರಸ್ತೆಯ ಎರಡೂ ಬದಿಯಲ್ಲಿ ಹುಲ್ಲು ಗಾಳಿಗೆ ಒಂದೇ ಕಡೆ ಒರಗುತ್ತಿತ್ತು.