ಎರಡು ಸಲ ತಟ್ಟಿದರೆ ಸ್ವಿಚ್ ಹಾಕಿ

ಗಂಟಲಿನ ಗಂಟು ತೆಗೆದ ಮೇಲೆ ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು: "ತಿಂಗಳು ಪೂರ್ತಿ ಮಾತು ಬಂದ್. ಪಿಸುಮಾತೂ ಬೇಡ. ಕೆಮ್ಮು ಬಂದರೂ ನೀರು ಕುಡಿದು ನುಂಗಿಕೊಳ್ಳಿ."

ಬೇರೆ ಯಾರಿಗಾದರೂ ಹೇಳಿದ್ದರೆ ಅದು ಬರೀ ಪಥ್ಯ. ಆದರೆ ಬೆಳಗಿನಕ್ಕ ಬಾಯಿಂದಲೇ ಬದುಕಿದವಳು. ಊರಿನ ರೇಡಿಯೋ ಕೇಂದ್ರದಲ್ಲಿ ಬೆಳಗಿನ ಕಾರ್ಯಕ್ರಮ ನಡೆಸುತ್ತಿದ್ದಳು. ಬಸ್ಸಿಗೆ ಓಡುವವರು, ಮಕ್ಕಳಿಗೆ ಬೂಟು ಹಾಕುವವರು, ಅಂಗಡಿಯ ಬಾಗಿಲು ಎತ್ತುವವರು ಎಲ್ಲರೂ ಅವಳ ದನಿ ಕೇಳುತ್ತಲೇ ದಿನ ಶುರು ಮಾಡುತ್ತಿದ್ದರು. ಬೆಳಗಿನಕ್ಕ ಅಂತ ಹೆಸರಿಟ್ಟವರೂ ಅವರೇ.

ಬಾಯಿಗೆ ಬೀಗ ಬಿದ್ದ ಕೂಡಲೇ ಕೈಕಾಲಿಗೆ ಹುಚ್ಚು ಹಿಡಿಯಿತು. ಅಡುಗೆಮನೆಯ ಡಬ್ಬಗಳನ್ನೆಲ್ಲ ಇಳಿಸಿ ಒರೆಸಿ ಮತ್ತೆ ಏರಿಸಿದಳು. ಮಂಚವನ್ನು ಈ ಗೋಡೆಯಿಂದ ಆ ಗೋಡೆಗೆ ಎಳೆದಳು; ಸಂಜೆ ಗಂಡ ಬಂದು ಅಭ್ಯಾಸಬಲದಿಂದ ಹಳೇ ಜಾಗದಲ್ಲಿ ಕೂರಲು ಹೋಗಿ ನೆಲ ಕಂಡ. ಬೆಳಿಗ್ಗೆಯಾದರೆ ರೇಡಿಯೋ ಹಾಕುವಳು. ಅವಳ ಜಾಗದಲ್ಲಿ ಕೂತ ಹುಡುಗಿ ಚೆನ್ನಾಗಿ ಮಾತಾಡಿದರೆ ಹೊಟ್ಟೆ ಉರಿಯುತ್ತಿತ್ತು, ತಡವರಿಸಿದರೆ ಮೈ ಉರಿಯುತ್ತಿತ್ತು. ಆರಿಸುವಳು, ಮತ್ತೆ ಹಾಕುವಳು. ನಿಂತಲ್ಲಿ ನಿಲ್ಲಲಾರಳು. ದನಿ ವಾಪಸ್ ಬರದಿದ್ದರೆ? ಈ ಪ್ರಶ್ನೆಯನ್ನು ಯಾರಿಗೂ ಕೇಳುವಂತಿರಲಿಲ್ಲ. ಬರೆದು ತೋರಿಸಲಂತೂ ಧೈರ್ಯ ಬರಲಿಲ್ಲ.

ಮನೆಯಲ್ಲಿ ಹಗಲಿಡೀ ಇರುತ್ತಿದ್ದವರು ಅತ್ತೆ ಒಬ್ಬರೇ. ಅತ್ತೆ ಸೊಸೆಯ ನಡುವೆ ಜಗಳವಿರಲಿಲ್ಲ, ಮಾತೂ ಅಷ್ಟಕ್ಕಷ್ಟೇ. ಊರಿಗೆಲ್ಲ ಮಾತು ಹಂಚಿ ಮನೆಗೆ ಬರುವ ಹೊತ್ತಿಗೆ ಬೆಳಗಿನಕ್ಕನಿಗೆ ಸುಮ್ಮನಿರುವುದೇ ಹಿತವಾಗಿರುತ್ತಿತ್ತು. ಈಗ ಸ್ಲೇಟಿನಲ್ಲಿ ಏನಾದರೂ ಬರೆದು ತೋರಿಸಿದರೆ ಅತ್ತೆ, "ತಡಿಯಮ್ಮ, ಕನ್ನಡಕ ಎಲ್ಲಿಟ್ನೋ," ಎಂದು ಎದ್ದು ಹೋಗುತ್ತಿದ್ದರು. ಕನ್ನಡಕ ಸಿಗುವಷ್ಟರಲ್ಲಿ ಹೇಳಬೇಕಾದದ್ದು ಹಳಸಿರುತ್ತಿತ್ತು.

ಬಚ್ಚಲಿನ ಹಿಂದಿನ ಇಕ್ಕಟ್ಟು ಜಾಗದಲ್ಲಿ ಅತ್ತೆಯ ಹಳೇ ವಾಷಿಂಗ್ ಮೆಷೀನ್ ನಿಂತಿತ್ತು. ಒಗೆಯಲು ಒಂದು ಟಬ್, ಹಿಂಡಲು ಇನ್ನೊಂದು. ಮುಂದೆ ಕಿವಿಯಂಥ ಎರಡು ತಿರುಗುಗುಂಡಿ. ಕೆನೆಬಣ್ಣ ಅಂಚಿನಲ್ಲಿ ಸುಲಿದು ತುಕ್ಕು ಕಾಣುತ್ತಿತ್ತು. ಕೆಟ್ಟು ಎಷ್ಟೋ ಕಾಲವಾಗಿತ್ತು. ಅತ್ತೆ ಈ ಮನೆಗೆ ಬರುವಾಗ ಮಂಚ ಬೇಕಾದರೆ ಬಿಟ್ಟು ಬರ್ತೀನಿ, ಅದನ್ನು ಬಿಟ್ಟು ಬರಲ್ಲ ಎಂದಿದ್ದರು. ಪಕ್ಕದಲ್ಲಿ ಹೊಸ ಮೆಷೀನ್ ಇತ್ತು. ಒಗೆದು ಮುಗಿಸಿದಾಗ ಪುಟ್ಟ ರಾಗ ನುಡಿಸುತ್ತಿತ್ತು. ಅತ್ತೆಗೆ ಅದರ ಮೇಲೆ ಗೌರವವಿರಲಿಲ್ಲ. "ಅದು ಹಾಡು ಹೇಳುತ್ತೆ, ಕೊಳೆ ಬಿಡಿಸಲ್ಲ," ಅನ್ನುತ್ತಿದ್ದರು.

ಒರೆಸಲು ಡಬ್ಬಗಳೂ ಉಳಿಯದ ಒಂದು ಬೆಳಿಗ್ಗೆ, ರೇಡಿಯೋ ಹುಡುಗಿ ಯಾವುದೋ ಮಾತಿಗೆ ಸೊಗಸಾಗಿ ನಕ್ಕಳು. ಬೆಳಗಿನಕ್ಕ ಎದ್ದು ಹೋಗಿ, ಸ್ಕ್ರೂಡ್ರೈವರ್ ತಂದು, ಹಳೇ ಮೆಷೀನಿನ ಬೆನ್ನ ತಗಡಿಗೆ ಕೈ ಹಚ್ಚಿದಳು. ಮೈಕಿನ ಮುಂದೆ ಕೂರುವ ಮೊದಲು ಅವಳು ಎಲೆಕ್ಟ್ರಿಕಲ್ ಡಿಪ್ಲೊಮಾ ಓದಿದ್ದಳು. ಕೇಂದ್ರಕ್ಕೆ ಸೇರಿದ್ದೂ ವೈರು ಎಳೆಯುವ ಕೆಲಸಕ್ಕೇ. ಗಂಡನೋ ಲಾರಿ ತೂಗುವ ಕಾಟಾದಲ್ಲಿ ಗುಮಾಸ್ತ. ಅವನು ಮೊಳೆ ಹೊಡೆದರೆ ಗೋಡೆಗಿಂತ ಬೆರಳಿಗೇ ಪೆಟ್ಟು ಜಾಸ್ತಿ.

ಸದ್ದಿಗೆ ಅತ್ತೆ ಓಡಿ ಬಂದರು.

"ಏನು ಮಾಡ್ತಿದ್ದೀಯ? ಬಿಚ್ಚಿ ಗುಜರಿಗೆ ಹಾಕ್ತೀಯಾ?"

ಬೆಳಗಿನಕ್ಕ ಇಲ್ಲವೆಂದು ಕೈಯಾಡಿಸಿ, ಸ್ಕ್ರೂಡ್ರೈವರನ್ನು ಗಾಳಿಯಲ್ಲಿ ತಿರುಗಿಸಿ ತೋರಿಸಿದಳು.

"ರಿಪೇರಿನಾ? ನಿನ್ನಿಂದಾಗುತ್ತಾ?"

ಗೊತ್ತಿಲ್ಲವೆಂದು ಭುಜ ಕುಣಿಸಿದಳು.  ಅತ್ತೆ ಒಳಗಿಂದ ಮಣೆ ತಂದು ಹಾಕಿಕೊಂಡು ಎದುರಿಗೇ ಕೂತರು, ಆಪರೇಷನ್ ನೋಡಲು ಬಂದ ನೆಂಟರ ಹಾಗೆ.

ತುಕ್ಕು ಹಿಡಿದ ಸ್ಕ್ರೂಗಳು ಜಪ್ಪಯ್ಯ ಅಂದರೂ ಅಲುಗಲಿಲ್ಲ. ಎಣ್ಣೆ ಬಿಟ್ಟು ಕಾಯಬೇಕಿತ್ತು. ಕಾಯುವುದೇ ಅವಳಿಗೆ ಆಗದ ಕೆಲಸ. ಎರಡರ ತಲೆ ಸವೆಸಿ, ಅಂಗೈ ತರಚಿಕೊಂಡು, ಕೊನೆಗೆ ತಗಡು ತೆಗೆದಳು. ಒಳಗೆ ಬೆಲ್ಟು ಒಣಗಿ ಬಿರಿದಿತ್ತು. ಒಗೆಯುವ ಮೋಟರಿಗೆ ಕರೆಂಟು ಕೊಟ್ಟರೆ ಗುಂಯ್ ಎನ್ನುತ್ತಿತ್ತೇ ಹೊರತು ತಿರುಗುತ್ತಿರಲಿಲ್ಲ. ಕೈಯಿಂದ ಒಂದು ದೂಡು ಕೊಟ್ಟರೆ ಮಾತ್ರ ಓಡುತ್ತಿತ್ತು. ಅಂದರೆ ಮೋಟರ್ ಸತ್ತಿಲ್ಲ, ಅದನ್ನು ಮೊದಲು ನೂಕಿಕೊಡುವ ಕೆಪಾಸಿಟರ್ ಸತ್ತಿದೆ.

ಅವಳು ಕೆಲಸ ಮಾಡುತ್ತಿದ್ದಷ್ಟು ಹೊತ್ತೂ ಅತ್ತೆ ಮಾತಾಡುತ್ತಿದ್ದರು. ಎದುರಿನವರು ನಡುವೆ ಬಾಯಿ ಹಾಕದಿದ್ದರೆ ಮಾತು ಎಷ್ಟು ದೂರ ಹೋಗುತ್ತದೆಂದು ಅವರಿಗೂ ಆಗಲೇ ಗೊತ್ತಾದ ಹಾಗಿತ್ತು.

"ಆಗ ಕೂಲಿಗೆ ಲಾಡ್ಜಿನ ಹಾಸಿಗೆ ಬಟ್ಟೆ ಎಲ್ಲಾ ಕೈಯಲ್ಲೇ ಒಗೀತಿದ್ದೆ. ಬೆರಳ ಸಂದಿ ಬಿರುಕು ಬಿಟ್ಟು, ಉಪ್ಪು ಮುಟ್ಟಿದರೆ ಪ್ರಾಣ ಹೋಗೋದು. ಇವನಪ್ಪ ಒಂದಿನ ತಳ್ಳುಗಾಡಿ ಮೇಲೆ ಇದನ್ನ ತಂದರು. ಮೊದಲ ದಿನ ಬಟ್ಟೆ ಹಾಕಿ ಗುಂಡಿ ತಿರುಗಿಸಿ, ಏನು ಮಾಡಬೇಕು ಅಂತ ತೋಚದೆ ಹಾಗೇ ನಿಂತಿದ್ದೆ. ಅದರಷ್ಟಕ್ಕೆ ಅದು ಒಗೀತಿದೆ. ಹೋಗಿ ಮಲಗಿಬಿಟ್ಟೆ ನೋಡು! ಮದುವೆಯಾದ ಮೇಲೆ ಮಧ್ಯಾಹ್ನ ಮಲಗಿದ್ದು ಅವತ್ತೇ ಮೊದಲು."

ಬೆಳಗಿನಕ್ಕ ಬೋಲ್ಟು ತಿರುಗಿಸುವ ಪಾನಾ ಹಿಡಿದ ಕೈ ನಿಲ್ಲಿಸಿ ಅವರನ್ನು ನೋಡಿದಳು. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದರೂ ಈ ಮಾತು ಕೇಳಿರಲಿಲ್ಲ. ಬಾಯಿ ಇದ್ದಾಗ ಕಿವಿ ಎಲ್ಲಿ ಹೋಗಿತ್ತೋ.

ಮರುದಿನ ಇಬ್ಬರೂ ಎಲೆಕ್ಟ್ರಿಕಲ್ ಅಂಗಡಿಗೆ ಹೋದರು. ಬೆಳಗಿನಕ್ಕ ಹಳೇ ಕೆಪಾಸಿಟರನ್ನೂ ಬೆಲ್ಟನ್ನೂ ಗಲ್ಲಾಪೆಟ್ಟಿಗೆಯ ಮೇಲಿಟ್ಟು ಗಂಟಲು ಮುಟ್ಟಿ ತೋರಿಸಿದಳು. ಅಂಗಡಿಯವನು ತಪ್ಪು ತಿಳಿದು, ದನಿ ಏರಿಸಿ, ಒಂದೊಂದೇ ಅಕ್ಷರ ಬಿಡಿಸಿ, "ಯಾ... ವ... ಮೆ... ಷೀ... ನಿ... ಗೆ?" ಎಂದ.

"ಕಿರುಚಬೇಡಪ್ಪ, ಅವಳಿಗೆ ಕಿವಿ ಚೆನ್ನಾಗೇ ಕೇಳುತ್ತೆ," ಎಂದರು ಅತ್ತೆ. "ಬೆಳಿಗ್ಗೆ ರೇಡಿಯೋದಲ್ಲಿ ಬರೋದು ಯಾರು ಅಂದ್ಕೊಂಡಿದ್ದೀಯ? ಇವಳೇ. ಒಂದು ದಿನ ಬಿಡದೆ ಕೇಳ್ತೀನಿ. ಈಗ ಬರ್ತಾಳಲ್ಲ ಆ ಹುಡುಗಿ, ಅವಳು ನೀರು ಕುಡಿಯೋ ಹಾಗೆ ಗಟಗಟ ಮಾತಾಡ್ತಾಳೆ. ಒಂದೂ ತಲೆಗೆ ಹತ್ತಲ್ಲ."

ಅಂಗಡಿಯವನು ತಬ್ಬಿಬ್ಬಾಗಿ ಸಾಮಾನು ಹುಡುಕಲು ಒಳಗೆ ಹೋದ. ಬೆಳಗಿನಕ್ಕ ಗೋಡೆಯಲ್ಲಿ ನೇತಾಡುತ್ತಿದ್ದ ವೈರಿನ ಸುರುಳಿಗಳನ್ನೇ ನೋಡುತ್ತ ನಿಂತಳು. ಅತ್ತೆ ತನ್ನ ಕಾರ್ಯಕ್ರಮ ಕೇಳುತ್ತಾರೆಂಬುದೇ ಅವಳಿಗೆ ಗೊತ್ತಿರಲಿಲ್ಲ.

ಮನೆಗೆ ಬಂದವಳಿಗೆ ಊಟಕ್ಕೆ ಕೂರುವಷ್ಟೂ ತಾಳ್ಮೆಯಿರಲಿಲ್ಲ. ಮೆಷೀನಿನ ಹತ್ತಿರ ಪ್ಲಗ್ ಪಾಯಿಂಟ್ ಇದ್ದದ್ದು ಒಂದೇ, ಅದನ್ನು ಹೊಸ ಮೆಷೀನ್ ಹಿಡಿದಿತ್ತು. ಹೀಗಾಗಿ ಉದ್ದ ವೈರು ಎಳೆದು ಅಡುಗೆಮನೆಯ ಸ್ವಿಚ್ಚಿಗೆ ಸಿಕ್ಕಿಸಿದ್ದಳು. ಅಲ್ಲಿಂದ ಇಲ್ಲಿಗೆ ಕಾಣುತ್ತಿರಲಿಲ್ಲ, ಗೋಡೆ ಅಡ್ಡ. ಕೂಗಲು ಬಾಯಿಲ್ಲ, ಓದಲು ಕನ್ನಡಕವಿಲ್ಲ. ಅದಕ್ಕೆ ಅತ್ತೆಯೇ ಉಪಾಯ ಹೇಳಿದರು.

"ಪಾನಾದಲ್ಲಿ ಟಬ್ಬಿಗೆ ತಟ್ಟು. ಎರಡು ಸಲ ತಟ್ಟಿದರೆ ಹಾಕ್ತೀನಿ, ಒಂದು ಸಲ ತಟ್ಟಿದರೆ ಆರಿಸ್ತೀನಿ."

ಕೆಪಾಸಿಟರ್ ಕೂತಿತು. ಬೆಲ್ಟು ಕೂತಿತು. ಟಣ್ ಟಣ್ ಎಂದು ತಟ್ಟಿದಳು; ಮೋಟರ್ ಯಾರ ಹಂಗೂ ಇಲ್ಲದೆ ಎದ್ದು ಓಡಿತು. ಅಡುಗೆಮನೆಯಿಂದ ಅತ್ತೆ, "ಕೇಳಿಸ್ತು, ಕೇಳಿಸ್ತು!" ಎಂದು ಕೂಗಿದರು. ಆದರೆ ಬೆಲ್ಟು ಸಡಿಲವಾಗಿ ಜಾರುತ್ತಿತ್ತು. ಒಂದು ಸಲ ತಟ್ಟಿ ನಿಲ್ಲಿಸಿದಳು. ಮೋಟರನ್ನು ಕೂದಲೆಳೆಯಷ್ಟು ಹಿಂದಕ್ಕೆ ಸರಿಸಿ ಬಿಗಿಯಬೇಕಿತ್ತು. ಎದ್ದು ಹೋಗಿ ಪ್ಲಗ್ ಕಿತ್ತು ಬರಬೇಕೆಂದು ಚೆನ್ನಾಗಿ ಗೊತ್ತಿತ್ತು. ಒಂದು ನಿಮಿಷದ ಕೆಲಸಕ್ಕೆ ಯಾರು ಏಳುತ್ತಾರೆ ಎಂದುಕೊಂಡು, ಪಾನಾವನ್ನು ಟಬ್ಬಿನ ಅಂಚಿನ ಮೇಲಿಟ್ಟು, ಎಡಗೈಯನ್ನು ಬೆಲ್ಟಿಗೂ ರಾಟೆಗೂ ನಡುವೆ ತೂರಿಸಿ ಬಲಗೈಯಿಂದ ಮೋಟರ್ ಎಳೆದಳು.

ಮೆಷೀನ್ ಅಲುಗಿತು. ಅಂಚಿನಲ್ಲಿದ್ದ ಪಾನಾ ಜಾರಿ ಟಬ್ಬಿನೊಳಗೆ ಬಿತ್ತು. ಟಣ್. ಪುಟಿದು ಇನ್ನೊಮ್ಮೆ, ಟಣ್.

 ಅವಳು ಕೈ ಎಳೆದುಕೊಳ್ಳಲು ನೋಡಿದರೆ ಬೆಲ್ಟಿನಡಿ ಬೆರಳು ಸಿಕ್ಕಿಕೊಂಡಿತ್ತು. ಗೋಡೆಯಾಚೆ ಅತ್ತೆಯ ಬಳೆ ಸದ್ದಾಯಿತು.

"ಬೇಡಾ! ಅತ್ತೇ, ಬೇಡಾ!"

ಯಾರದೋ ದನಿ ಅನ್ನಿಸಿತು ಅವಳಿಗೆ. ಹರಿದ ಬಟ್ಟೆಯಂಥ ದನಿ. ಮೋಟರ್ ಏಳಲಿಲ್ಲ. ಮರುಕ್ಷಣ ಅತ್ತೆ ಬಾಗಿಲಲ್ಲಿದ್ದರು. ಸೊಸೆಯ ಕೈ ಎಲ್ಲಿದೆಯೆಂದು ಕಂಡು ಪಕ್ಕದಲ್ಲೇ ಕುಕ್ಕರಿಸಿದರು. ಇಬ್ಬರೂ ಸೇರಿ ಬೆಲ್ಟು ಎತ್ತಿ ಬೆರಳು ಬಿಡಿಸಿದರು. ಒಂದು ಗೀರೂ ಬಿದ್ದಿರಲಿಲ್ಲ.

"ಕೈ ಇಟ್ಟಿದ್ದೆ ಸ್ವಿಚ್ಚಿನ ಮೇಲೆ," ಎಂದರು ಅತ್ತೆ. "ಬೆರಳು ಇಟ್ಟೇ ಇದ್ದೆ ಕಣೇ." ಆಮೇಲೆ ಒಮ್ಮೆಲೇ ನೆನಪಾಗಿ, "ಅಯ್ಯೋ, ನಿನ್ನ ಗಂಟಲು!"

ಬೆಳಗಿನಕ್ಕ ಕತ್ತು ಹಿಡಿದುಕೊಂಡು ನೆಲದ ಮೇಲೆ ಕೂತಿದ್ದಳು. ಬೆರಳು ಉಳಿದ ಸಮಾಧಾನಕ್ಕಿಂತ ದೊಡ್ಡ ಭಯ ಗಂಟಲಿನಲ್ಲಿ ಉರಿಯುತ್ತಿತ್ತು. ಅತ್ತೆ ಚಪ್ಪಲಿಯನ್ನೂ ಅದಲುಬದಲು ಮೆಟ್ಟಿಕೊಂಡು ಅವಳನ್ನು ಆಟೋ ಹತ್ತಿಸಿದರು. ಡಾಕ್ಟರು ಗಂಟಲಿಗೆ ಪುಟ್ಟ ಕನ್ನಡಿ ಇಳಿಸಿ ನೋಡುವಾಗ ಅವಳಿಗಿಂತ ಮುಂಚೆ ಅತ್ತೆಯೇ ಬಾಯಿ ತೆರೆದುಕೊಂಡು ನಿಂತಿದ್ದರು.

"ಕೆಂಪಾಗಿದೆ, ಹರಿದಿಲ್ಲ. ಮತ್ತೆ ಮೊದಲಿನಿಂದ ಮೌನ," ಎಂದರು ಡಾಕ್ಟರು. "ದನಿ ಹೇಗೆ ಬರುತ್ತೆ ಅಂತ ಆಮೇಲೆ ನೋಡೋಣ. ಈಗ ನಾನು ಏನೂ ಹೇಳಲ್ಲ. ಅಲ್ಲ, ಅಷ್ಟು ಜೋರಾಗಿ ಕೂಗುವಂಥದ್ದು ಏನಿತ್ತು?"

"ನನ್ನನ್ನೇ ಕೂಗಿದ್ದು," ಎಂದರು ಅತ್ತೆ, ತಲೆ ತಗ್ಗಿಸಿ.

ಎರಡನೇ ಸುತ್ತಿನ ಮೌನ ಮೊದಲಿನದಕ್ಕಿಂತ ಕಷ್ಟವಾಯಿತು. ಬೆಳಗಿನಕ್ಕ ಜಗಲಿಯಿಂದ ಹಿತ್ತಿಲಿಗೆ, ಹಿತ್ತಿಲಿಂದ ಜಗಲಿಗೆ ಓಡಾಡಿದಳು. ಮೆಷೀನ್ ಬೆನ್ನು ತೆರೆದುಕೊಂಡೇ ನಿಂತಿತ್ತು. ಗಂಡ ಅದನ್ನು ಎತ್ತಿಸಿಬಿಡೋಣ ಎಂದ. ಅತ್ತೆ ಬೇಡವೆಂದೂ ಹೇಳಲಿಲ್ಲ, ಆಗಲಿ ಎಂದೂ ಹೇಳಲಿಲ್ಲ. ಸೊಸೆ ಅತ್ತ ಸುಳಿದರೆ ಮಾತ್ರ ಅಡ್ಡ ಬಂದು ನಿಲ್ಲುತ್ತಿದ್ದರು.

ಕೆಲವು ದಿನ ಕಳೆದ ಮೇಲೆ ಒಂದು ಮಧ್ಯಾಹ್ನ ಅತ್ತೆ ಕನ್ನಡಕ ಏರಿಸಿಕೊಂಡು, ತೋಳು ಮಡಚಿಕೊಂಡು ಬಂದರು. ಕಿತ್ತ ಪ್ಲಗ್ಗನ್ನು ಸೊಸೆಯ ಕೈಗಿತ್ತರು.

"ಇದನ್ನ ಹಿಡ್ಕೊಂಡು ನನ್ನ ಕಣ್ಣೆದುರಿಗೇ ಕೂತ್ಕೋ. ಬೆರಳು ತೋರಿಸು, ಎಲ್ಲಿ ಬಿಗೀಬೇಕು ಅಂತ. ಕೈ ನಾನು ಹಾಕ್ತೀನಿ."

ಬೆಳಗಿನಕ್ಕ ತೋರಿಸಿದಳು. ಅತ್ತೆಯ ಬೆರಳುಗಳು ಗಂಟುಗಂಟಾಗಿದ್ದರೂ ಹಿಡಿತ ಇಕ್ಕಳದಂತಿತ್ತು. "ಇದಾ? ಇನ್ನೂ ಬಿಗೀಲಾ? ಸಾಕಾ?" ಎಂದು ಕೇಳುತ್ತ, ತಪ್ಪಿದರೆ ತಮ್ಮನ್ನು ತಾವೇ ಬೈದುಕೊಳ್ಳುತ್ತ, ಮೋಟರನ್ನು ಎಳೆದು ಬೋಲ್ಟು ಬಿಗಿದರು. ತಗಡು ಮುಚ್ಚಿ, ಪ್ಲಗ್ ಸಿಕ್ಕಿಸಿ, ನೀರು ಬಿಟ್ಟು, ಎರಡು ಟವೆಲ್ ಹಾಕಿ ಗುಂಡಿ ತಿರುಗಿಸಿದರು.

ಮೆಷೀನ್ ಮೊದಲು ಗುರುಗುಟ್ಟಿತು, ಆಮೇಲೆ ಒಗೆಯಿತು. ಹಿಂಡುವ ಸರದಿ ಬಂದಾಗ ಮಾತ್ರ ದೆವ್ವ ಹೊಕ್ಕ ಹಾಗೆ ಕುಣಿಯುತ್ತ ಬಾಗಿಲಿನತ್ತ ನಡೆದೇ ಬಂತು. ಅತ್ತೆ "ಹಿಡಿಯೇ, ಹಿಡಿಯೇ!" ಎಂದು ಒಂದು ಕಡೆಯಿಂದ ತಬ್ಬಿಕೊಂಡರು, ಸೊಸೆ ಇನ್ನೊಂದು ಕಡೆಯಿಂದ ಒರಗಿದಳು. ಕೊಳವೆಯಿಂದ ಚಿಮ್ಮಿದ ನೀರು ಇಬ್ಬರನ್ನೂ ತೋಯಿಸಿತು. ಅತ್ತೆ ಬಿದ್ದುಬಿದ್ದು ನಕ್ಕರು. ಬೆಳಗಿನಕ್ಕ ತುಟಿ ಕಚ್ಚಿಕೊಂಡು ಸದ್ದಿಲ್ಲದೆ ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು.

ಗಡುವು ಮುಗಿದ ದಿನ ಡಾಕ್ಟರು, "ಏನಾದರೂ ಹೇಳಿ," ಎಂದರು. 

"ಏನು ಹೇಳಲಿ?" ಎಂದಳು.

ದನಿ ಬಂದಿತ್ತು. ಆದರೆ ಒಂದು ಮೆಟ್ಟಿಲು ಕೆಳಗಿಳಿದಿತ್ತು, ತಳದಲ್ಲಿ ಸಣ್ಣ ಒರಟು. ಅದು ಹಾಗೇ ಉಳಿಯಬಹುದು ಎಂದರು ಡಾಕ್ಟರು. ಕೂಗಿದ್ದಕ್ಕೋ ಎಂದು ಅವಳು ಕೇಳಿದಳು. ಅದಕ್ಕೇ ಇರಬಹುದು, ಇಲ್ಲದೆಯೂ ಇರಬಹುದು ಎಂದರು.

ಕೇಂದ್ರದವರು ಅವಳ ಜಾಗವನ್ನು ಅವಳಿಗೇ ಕೊಟ್ಟರು. ಮೊದಲ ದಿನ ಮೈಕಿನ ಮುಂದೆ ಕೂತು ಕಾರ್ಯಕ್ರಮ ಮುಗಿಸಿದಳು. ಇದು ಯಾರು ಹೊಸಬರು, ಬೆಳಗಿನಕ್ಕ ಯಾವಾಗ ಬರ್ತಾರೆ ಎಂದು ಫೋನು ಮಾಡಿ ಕೇಳಿದವರೂ ಇದ್ದರು. ಅದನ್ನು ನುಂಗಿಕೊಂಡು ಮನೆಗೆ ಬಂದವಳೇ ಅತ್ತೆಯ ಎದುರು ಕೂತಳು.

"ಹೇಗಿತ್ತು ಅತ್ತೆ? ನಿಜ ಹೇಳಿ."

ಅತ್ತೆ ಯೋಚಿಸಿದರು. "ಮೊದಲು ಮಲಗಿದವರನ್ನ ಎಬ್ಬಿಸೋ ಹಾಗೆ ಮಾತಾಡ್ತಿದ್ದೆ. ಈಗ ಎದ್ದು ಕೂತವರ ಹತ್ರ ಮಾತಾಡೋ ಹಾಗಿದೆ. ನನಗಂತೂ ಇದೇ ಹಿಡಿಸ್ತು. ಊರಿನ ವಿಷಯ ನನಗೆ ಗೊತ್ತಿಲ್ಲ."

ಬೆಳಗಿನಕ್ಕನಿಗೂ ಊರಿನ ವಿಷಯ ಗೊತ್ತಿರಲಿಲ್ಲ. ನಾಳೆ ಇನ್ನೆಷ್ಟು ಫೋನು ಬರುತ್ತವೋ ಎಂಬ ಕಳವಳ ಒಳಗೆ ಇದ್ದೇ ಇತ್ತು. ಆದರೂ ಅವಳು ಎದ್ದು ಹೋಗಲಿಲ್ಲ. ಫೋನು ಮಾಡಿದವರಲ್ಲಿ ಒಬ್ಬ ಹೇಗೆ ರೇಗಿದ ಎಂದು ಅವನ ದನಿಯಲ್ಲೇ ಹೇಳಿ ತೋರಿಸಿದಳು. ಅತ್ತೆ ನಕ್ಕು, ಇನ್ನೊಂದು ಸಲ ಹೇಳು ಎಂದರು.