ಅಮ್ಮ ಆಡಿದ ಪಂದ್ಯದ ಪುಸ್ತಿಕೆ

ಫುಟ್‌ಬಾಲ್ ಪಂದ್ಯದ ದಿನ ಮೈದಾನದ ಗೇಟಿನಲ್ಲಿ ಮಾರುತ್ತಾರಲ್ಲ, ಎರಡೂ ತಂಡಗಳ ಆಟಗಾರರ ಹೆಸರಿರುವ ತೆಳ್ಳನೆಯ ಪುಸ್ತಿಕೆ, ಅದನ್ನು ಕೂಡಿಡಲು ಶುರುಮಾಡಿ ನನಗೆ ಮೂರೇ ವಾರವಾಗಿತ್ತು. ಸಿಕ್ಕಿದ್ದು ಹನ್ನೊಂದು. ಹತ್ತು ಚೊಕ್ಕ. ಹನ್ನೊಂದನೆಯದು ತಾತನ ಟ್ರಂಕಿನದು, ಅದರ ತುಂಬ ಪೆನ್ಸಿಲ್ ಗೀಚು. ಗೀಚಿದ ಪ್ರತಿಯನ್ನು ಸಂಗ್ರಹಕಾರರು ಮೂಸಿಯೂ ನೋಡುವುದಿಲ್ಲ ಎಂದು ಎಲ್ಲೋ ಓದಿದ್ದೇ ತಡ, ಬೆಳಿಗ್ಗೆ ಅದನ್ನು, ಪುಸ್ತಕಕ್ಕೆ ರಟ್ಟು ಹಾಕುತ್ತ ಇಂಥ ಹಳೆಯ ಪುಸ್ತಿಕೆಗಳನ್ನೂ ಕೂಡಿಡುವ ಬೈಂಡರ್ ಮಾಮನಿಗೆ ಕೊಟ್ಟು, ಬದಲಿಗೆ ಬೇರೊಂದು ಪಂದ್ಯದ ಫಳಫಳ ಹೊಳೆಯುವ ಪುಸ್ತಿಕೆ ತಂದೆ. ತಂದವಳೇ ಖುಷಿಯಲ್ಲಿ ಅದರ ಮೇಲೆ ಇಂಕಿನಲ್ಲಿ ನನ್ನ ಹೆಸರು ಬರೆದುಬಿಟ್ಟೆ.

ಮಧ್ಯಾಹ್ನ ನಾಲ್ಕಕ್ಕೆ ಅಮ್ಮ ಹೊಲಿಗೆ ಅಂಗಡಿಯಿಂದ ಓಡಿಬಂದಳು. ಕೊರಳಲ್ಲಿ ಟೇಪು ಇನ್ನೂ ನೇತಾಡುತ್ತಿತ್ತು.

"ಟ್ರಂಕಲ್ಲಿದ್ದ ಮ್ಯಾಚ್ ಬುಕ್ಕು ಎಲ್ಲೇ?"

"ಯಾಕಮ್ಮಾ?"

"ಹೆಣ್ಮಕ್ಕಳ ತಂಡದ ಮೊದಲ್ನೇ ಮ್ಯಾಚ್ ಆಡಿದವ್ರ ಹೆಸರು ಕ್ಲಬ್ಬಲ್ಲಿ ಬೋರ್ಡ್ ಮೇಲೆ ಬರೆಸ್ತಿದಾರೆ. ನನ್ನ ಹೆಸರೇ ಇಲ್ಲ! ಅವತ್ತು ಗೋಲ್‌ಕೀಪರ್ ಕಾಲು ಉಳುಕಿ ಕೊನೇ ಗಳಿಗೇಲಿ ನನ್ನ ನಿಲ್ಲಿಸಿದ್ರು. ಅಚ್ಚಾಗಿರೋದು ಅವಳ ಹೆಸರು. ನಿನ್ನ ತಾತ ಅದನ್ನ ಹೊಡೆದುಹಾಕಿ ಪಕ್ಕದಲ್ಲಿ ನಂದು ಬರೆದಿದ್ರು. ಬೇರೆ ದಾಖಲೆನೇ ಇಲ್ವಂತೆ. ಐದು ಗಂಟೆಗೆ ಪೇಂಟರ್ ಬರ್ತಾನೆ."

ಗೀಚು ಎಂದುಕೊಂಡೆನೇ ಹೊರತು ಅದನ್ನು ಓದಿಯೇ ಇರಲಿಲ್ಲ. "ಸಂಜೆಯೊಳಗೆ ರಬ್ಬರ್ ಹಾಕಿ ಉಜ್ಜಿದ್ರೆ ಹೊಸಾದಾಗತ್ತೆ ಮರಿ" ಎಂದಿದ್ದರು ಬೈಂಡರ್ ಮಾಮ.

ಬೈಂಡರ್ ಮಾಮನ ಹತ್ರ ಇದೆ ಎಂದವಳೇ ಓಡಿದೆ.

ಅವರ ಕೋಣೆಯಲ್ಲಿ ಅಂಟಿನ ವಾಸನೆ. ಮೇಜಿನ ದೀಪದ ಕೆಳಗೆ ಪುಸ್ತಿಕೆ ತೆರೆದಿತ್ತು. ಮಾಮ ಬಗ್ಗಿ ಫೂ ಎಂದು ಊದಿದರು. ರಬ್ಬರಿನ ಪುಡಿ ನನ್ನ ಕಾಲ ಬಳಿ ಬಂದು ಬಿತ್ತು.

"ಏನ್ ಮರಿ, ನಾಯಿ ಅಟ್ಟಿಸ್ಕೊಂಡು ಬಂತಾ?"

ಆಟಗಾರರ ಪಟ್ಟಿ ಶುರುವಾಗುವುದೇ ಗೋಲ್‌ಕೀಪರ್‌ನಿಂದ. ಅವರು ಉಜ್ಜಲು ಶುರುಮಾಡಿದ್ದೂ ಅಲ್ಲಿಂದಲೇ. ಮೊದಲ ಸಾಲಿನಲ್ಲಿ ಅಚ್ಚಿನ ಹೆಸರೊಂದೇ ಉಳಿದಿತ್ತು.

ಅಷ್ಟರಲ್ಲಿ ಅಮ್ಮನೂ ಏದುಸಿರು ಬಿಡುತ್ತ ಬಂದಳು. ಹಾಳೆ ನೋಡಿದಳು. ಮೊದಲ ಸಾಲಿನ ಮೇಲೆ ಬೆರಳಿಟ್ಟಳು. ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. ನಾನು ಮೇಜಿನ ಮೇಲಿದ್ದ ಪೆನ್ಸಿಲ್ ಎತ್ತಿಕೊಂಡೆ.

"ನಾನೇ ಮತ್ತೆ ಬರೆದ್ಬಿಡ್ತೀನಿ. ಯಾರಿಗೆ ಗೊತ್ತಾಗತ್ತೆ?"

"ಮುಟ್ಟಿದ್ರೆ ನೋಡು! ಗೋಲಲ್ಲಿ ನಿಂತಿದ್ದು ನಾನು. ನಿನ್ನ ಕಳ್ಳ ಬರಹ ಹಿಡ್ಕೊಂಡು ಹೋಗಿ ನಾನು ಕಳ್ಳಿ ಆಗ್ಬೇಕಾ?"

ಗೋಡೆಯ ಗಡಿಯಾರದಲ್ಲಿ ನಾಲ್ಕೂ ಇಪ್ಪತ್ತು. ಮಾಮ ಹಾಳೆಯನ್ನು ಮಗುಚಿ, ಹಿಂಬದಿಯ ಮೇಲೆ ತುದಿಬೆರಳು ಆಡಿಸಿದರು.

"ತಂಗೀ, ನಿಮ್ಮಪ್ಪ ಒತ್ತಿ ಬರೀತಿದ್ರಾ?"

"ಕೆಳಗಿನ ಹಾಳೇಗೂ ಇಳಿಯೋದು ಅಣ್ಣಾ."

ಅವರು ಹಾಳೆಯನ್ನು ಮತ್ತೆ ತಿರುಗಿಸಿ, ದೀಪವನ್ನು ಮೇಜಿನ ಮಟ್ಟಕ್ಕೆ ಬಗ್ಗಿಸಿದರು. ಅಡ್ಡ ಬೆಳಕಿನಲ್ಲಿ ಅಳಿಸಿದ ಜಾಗದ ಮೇಲೆ ಒತ್ತಿದ ಗೆರೆಗಳ ನೆರಳೆದ್ದಿತು. ತಾತನ ಗುಂಡು ಅಕ್ಷರ. ಅಮ್ಮನ ಹೆಸರು!

"ಆದ್ರೆ ಯಾರು ಅಳಿಸಿದ್ದು ಅಂತ ಕೇಳ್ತಾರೆ" ಎಂದಳು ಅಮ್ಮ.

ಮಾಮ ಹಿಂದಿನ ಕಪಾಟಿನತ್ತ ನೋಡಿದರು. ಅಲ್ಲಿ ಸಾಲುಸಾಲು ಚೊಕ್ಕ ಪುಸ್ತಿಕೆಗಳು. ಯಾರ ಕೈಯೂ ಸೋಕಿಲ್ಲ ಎಂದು ಅವರು ಎಲ್ಲರಿಗೂ ಹೇಳಿಕೊಂಡು ಬಂದಿದ್ದ ಪ್ರತಿಗಳು. ಮುಳ್ಳು ಇಪ್ಪತ್ತೈದಕ್ಕೆ ಬಂತು. ಕೊನೆಗೆ ದೀಪದ ಪ್ಲಗ್ ಕಿತ್ತು, ವೈರು ಸುತ್ತಿಕೊಂಡರು.

"ನಡೀರಿ. ಹೇಳ್ತೀನಿ."

ಕ್ಲಬ್ಬಿನಲ್ಲಿ ಪೇಂಟರ್ ಆಗಲೇ ಡಬ್ಬಿಯ ಬಣ್ಣ ಕದಡುತ್ತಿದ್ದ. ಕಾರ್ಯದರ್ಶಿ ದೀಪಕ್ಕೆ ಬಗ್ಗಿ, ಒಂದೊಂದೇ ಅಕ್ಷರ ಕೂಡಿಸಿ ಓದಿದರು.

"ಇದನ್ನ ಅಳಿಸಿದ ಪುಣ್ಯಾತ್ಮ ಯಾರು?"

"ನಾನೇ. ನನ್ನ ಹತ್ರ ಇರೋ ಚೊಕ್ಕ ಪ್ರತಿಗಳೆಲ್ಲ ಹೀಗೇ ಚೊಕ್ಕ ಆದವು."

"ನಂಗೆ ಕೊಟ್ಟಿದ್ದೂ?" ಕಾರ್ಯದರ್ಶಿ ತಲೆಯೆತ್ತಿದರು.

"ಅದೂನೂ."

ಕಾರ್ಯದರ್ಶಿ ಮಾಮನನ್ನು ದುರುಗುಟ್ಟಿ ನೋಡಿದರು.

"ನಿಮ್ಮನ್ನ ಆಮೇಲೆ ವಿಚಾರಿಸ್ಕೋತೀನಿ" ಎಂದವರು ಪೇಂಟರ್ ಕಡೆ ತಿರುಗಿದರು. "ಮೊದಲ್ನೇ ಸಾಲು ಈ ಅಮ್ಮಂದು ಕಣಯ್ಯಾ. ಹೆಸರು ಕೇಳಿಕೊಂಡು ಬರಿ."

ಅಮ್ಮ ಕೊರಳಿನ ಟೇಪು ತೆಗೆದು ನನ್ನ ಕೈಗಿತ್ತು ಬೋರ್ಡಿನ ಹತ್ತಿರ ಹೋದಳು.

ಮಾಮ ತಾತನ ಪುಸ್ತಿಕೆಯನ್ನು ನನಗೆ ಕೊಟ್ಟು ಕಿವಿಯ ಬಳಿ ಬಗ್ಗಿದರು. "ಇದು ನಿಮ್ಮನೇದು, ಇಟ್ಕೋ. ನನ್ನ ಹೊಳೆಯೋ ಪುಸ್ತಿಕೆ ವಾಪಸ್ ಕೊಡು ಮರಿ. ಅದೊಂದಕ್ಕೆ ಮಾತ್ರ ನಾನು ನಿಜವಾಗ್ಲೂ ರಬ್ಬರ್ ಮುಟ್ಟಿಸಿಲ್ಲ."

"ಮಾಮ... ಅದ್ರ ಮೇಲೆ ಇಂಕಲ್ಲಿ ನನ್ನ ಹೆಸರು ಬರೆದ್ಬಿಟ್ಟಿದೀನಿ."

ಅವರು ದೀಪ ಹಿಡಿದ ಕೈಯಲ್ಲೇ ಹಣೆ ಚಚ್ಚಿಕೊಂಡರು.